ಬಸರೀಕಟ್ಟೆಯಿಂದ ರಫ್ತು

"ಎಂತ ಮಾರಾಯ, ಗೂಗಲ್‌ನೋರು ನಿಂಗೆ ಕಾಗದ ಬರೀತಾರಾ?"

2020ರ ಮಳೆಗಾಲ. ಬೆಂಗಳೂರಿನ ಆಫೀಸು ಬಸರೀಕಟ್ಟೆಯ ನಮ್ಮನೆ ಜಗಲಿಗೆ ಬಂದು ಕೂತಿತ್ತು. ಪೋಸ್ಟ್‌ಮ್ಯಾನ್ ಕೈಯಲ್ಲಿದ್ದದ್ದು ಆ್ಯಡ್‌ಸೆನ್ಸ್‌ನ ಪಿನ್. ಖಾತೆಯಲ್ಲಿ 10 ಡಾಲರ್ ಸೇರಿದ ಮೇಲೆ ವಿಳಾಸ ಖಾತ್ರಿಗೆ ಆರಂಕಿಯ ಪಿನ್ನನ್ನು ಅಂಚೆಯಲ್ಲೇ ಕಳಿಸ್ತಾರೆ. ಅದನ್ನು ತುಂಬಬೇಕು, ಆಮೇಲೆ 100 ಡಾಲರ್ ಆಗೋವರೆಗೆ ಕಾಯಬೇಕು. ಕಾಫಿ ಹುರಿಯೋದು, ಮೆಣಸು ಒಣಗಿಸೋದು, ಹಲಸಿನ ಹಪ್ಪಳ ಅಂತ ನಾನು ಇಂಗ್ಲಿಷಿನಲ್ಲಿ ಬರೆದು ಹಾಕುತ್ತಿದ್ದ ಜಾಲತಾಣ ಅದು. ಹವ್ಯಾಸ ಅಂತಲೇ ಅಂದುಕೊಂಡಿದ್ದೆ.

ಎರಡು ವರ್ಷದಲ್ಲಿ ಆ ಹವ್ಯಾಸ ಸಂಬಳದ ಅರ್ಧದಷ್ಟು ತರತೊಡಗಿತು. ಖುಷಿಗಿಂತ ಭಯ ಜಾಸ್ತಿಯಾಯ್ತು. ಬೇರೆ ಸಂಪಾದನೆ ಇರಕೂಡದು ಅಂತ ನೌಕರಿಯ ಕರಾರಿನಲ್ಲೇ ಒಂದು ಸಾಲಿತ್ತು. ಇತ್ತ ಅಪ್ಪಯ್ಯನ ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ. ಕೊಪ್ಪ, ಶೃಂಗೇರಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮರ ನಿಂತೇ ಇರುತ್ತೆ, ಫಸಲು ವರ್ಷವರ್ಷ ಇಳಿಯುತ್ತೆ. ಮನೆ ನಡೀತಿದ್ದದ್ದು ನನ್ನ ಸಂಬಳದಲ್ಲಿ.

ಕೊಪ್ಪದ ಆಡಿಟರ್ ಹತ್ತಿರ ಹೋದೆ. ಜಾಹೀರಾತಿನ ದುಡ್ಡನ್ನು ನಾನು ರಿಟರ್ನ್‌ನಲ್ಲಿ 'ಇತರೆ ಆದಾಯ' ಅಂತ ತೋರಿಸುತ್ತಿದ್ದೆ. ಅವರು ಕನ್ನಡಕ ತೆಗೆದಿಟ್ಟು, "ತಿಂಗಳು ತಿಂಗಳು ಬರೋದು ಇತರೆ ಹ್ಯಾಗಾಗ್ತದೆ? ಇದು ವ್ಯವಹಾರ. ಮಾಡೋದಾದ್ರೆ ಸರಿಯಾಗಿ ಮಾಡಿ" ಅಂದರು.

ಸರಿಯಾಗಿ ಮಾಡೋದು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಒಬ್ಬನೇ ಇರುವಾಗ ಪ್ರೈವೇಟ್ ಲಿಮಿಟೆಡ್ ಬೇಡ, ಏಕಮಾಲೀಕತ್ವ ಸಾಕು ಅಂದರು. ಆದರೆ ವ್ಯವಹಾರದ ಸಾಲವೂ ನಿಮ್ಮದೇ ಸಾಲ, ನೆನಪಿರಲಿ ಅಂತಲೂ ಎಚ್ಚರಿಸಿದರು. ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇಟ್ಟುಕೊಂಡು ನಾನೇ ಮಾಡಿದೆ. ಅದು ಪೂರ್ತಿ ಉಚಿತ. ಶುಲ್ಕ ಕೇಳುವ ತಾಣ ಕಂಡರೆ ಅಲ್ಲಿಂದ ಎದ್ದುಬಿಡಿ. ಆಮೇಲೆ ಚಾಲ್ತಿ ಖಾತೆ. ಆಮೇಲೆ ಜಿಎಸ್‌ಟಿ. ಸೇವೆಗಳಿಗೆ ವರ್ಷಕ್ಕೆ 20 ಲಕ್ಷದ ಮಿತಿಯಿದೆ, ನಾನಿನ್ನೂ ಅದರ ಹತ್ತಿರವೂ ಇರಲಿಲ್ಲ. ಆದರೂ ನನಗೆ ದುಡ್ಡು ಬರೋದು ಸಿಂಗಪುರದಿಂದ. ಕಾನೂನಿನ ಕಣ್ಣಿಗೆ ಅದು ಸೇವೆಯ ರಫ್ತು, ತೆರಿಗೆ ಸೊನ್ನೆ. ನೋಂದಣಿ ಮಾಡಿಕೊಂಡರೆ ಪ್ರತಿ ಆರ್ಥಿಕ ವರ್ಷ ಎಲ್‌ಯುಟಿ ಅನ್ನೋ ಮುಚ್ಚಳಿಕೆ ಕೊಡಬೇಕು. ಲೆಕ್ಕ ಚೊಕ್ಕ ಇರಲಿ ಅಂತ ಮಾಡಿಸಿದೆ.

ಅಲ್ಲಿ ಸಿಕ್ಕಿಹಾಕಿಕೊಂಡೆ. ವ್ಯವಹಾರದ ಸ್ಥಳಕ್ಕೆ ಕರೆಂಟ್ ಬಿಲ್ ಬೇಕು, ಬಿಲ್ಲು ಅಪ್ಪಯ್ಯನ ಹೆಸರಲ್ಲಿ. ಅವರ ಒಪ್ಪಿಗೆ ಪತ್ರ ಬೇಕು. ಅಂದರೆ ನೌಕರಿ ಬಿಡೋ ವಿಷಯ ಹೇಳಲೇಬೇಕು.

ಅಪ್ಪಯ್ಯ ಕಾಗದ ಓದಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಸಹಕಾರ ಸಾರಿಗೆಯ ವಿಷಯ. ಶಂಕರ್ ಕಂಪನಿ ಬಸ್ಸು ನಿಂತಾಗ ಕೊಪ್ಪದ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ. ನಾನು ಶಾಲೆಗೆ ಹೋಗಿದ್ದು ಅದೇ ಬಸ್ಸಲ್ಲಿ. 2020ರ ಫೆಬ್ರುವರಿಯಲ್ಲಿ ಅದೂ ನಿಂತಿತು. "ಅಷ್ಟು ಜನ ಸೇರಿ ಕಟ್ಟಿದ್ದೇ ಉಳೀಲಿಲ್ಲ. ನೀನೊಬ್ಬನೇ ಎಂತ ಮಾಡ್ತೀಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಮೂವತ್ತು ವರ್ಷದ ಹತ್ತಿರ ಓಡ್ತಲ್ಲ ಅಪ್ಪಯ್ಯ" ಅಂದೆ. ಆರು ತಿಂಗಳ ಮನೆಖರ್ಚನ್ನು ಬ್ಯಾಂಕಲ್ಲಿಟ್ಟ ರಸೀದಿ ತೋರಿಸಿದೆ. ಅದನ್ನು ಕಾಗದಕ್ಕಿಂತ ಗಮನವಿಟ್ಟು ನೋಡಿದರು. ಮಾರನೇ ದಿನ ಸಹಿ ಹಾಕಿ, "ಬಾಡಿಗೆ ಎಷ್ಟು ಕೊಡ್ತಿ?" ಅಂದರು.

ರಾಜೀನಾಮೆ ಕೊಟ್ಟೆ. ಮೊದಲ ಜನವರಿಯೇ ಪಾಠ ಕಲಿಸಿತು. ದೀಪಾವಳಿಯಿಂದ ಡಿಸೆಂಬರ್‌ವರೆಗೆ ಏರುವ ಜಾಹೀರಾತಿನ ದರ ಹೊಸವರ್ಷಕ್ಕೆ ದಡಕ್ಕನೆ ಇಳಿಯುತ್ತೆ. ಆ ಆರು ತಿಂಗಳ ಗಂಟಿಗೆ ಕೈ ಹಾಕಬೇಕಾಯ್ತು. ಈಗ ಒಂದೇ ಕಡೆಯ ಜಾಹೀರಾತನ್ನು ನಂಬಿ ಕೂತಿಲ್ಲ; ನಮ್ಮ ತೋಟದ ಕಾಫಿಪುಡಿಯನ್ನೂ ಅದೇ ತಾಣದಲ್ಲಿ ಮಾರುತ್ತೇನೆ. ಅಡಿಕೆ ಒಂದನ್ನೇ ನಂಬಬಾರದು ಅಂತ ತೋಟದಲ್ಲಿ ಮೆಣಸು, ಕಾಫಿ ಹಾಕೋದು ನೋಡಿಯೇ ಬೆಳೆದವನಿಗೆ ಇದು ಮೊದಲೇ ಹೊಳೀಬೇಕಿತ್ತು.

ಮೊನ್ನೆ ನೆಂಟರ ಮನೆಯಲ್ಲಿ ಯಾರೋ, ಮಗ ಎಂತ ಮಾಡ್ತಾನೆ ಅಂತ ಕೇಳಿದರು. ಅಪ್ಪಯ್ಯ ಎಲೆ ಮಡಚುತ್ತಾ ಹೇಳಿದರು: "ರಫ್ತು ವ್ಯಾಪಾರ."