ಅವ್ವನ ಬೆರಳಿಗೆ ಒಪ್ಪುವ ತಂತಿ

ಗಿಟಾರ್ ಕಲಿಯಲು ಕೂತವರಿಗೆ ಮೊದಲ ತಿಂಗಳು ಎಲ್ಲರೂ ಹೇಳುವ ಸಮಾಧಾನದ ಮಾತು ಒಂದೇ: ಬೆರಳ ತುದಿ ಗಟ್ಟಿಯಾಗುತ್ತದೆ, ಆಮೇಲೆ ನೋವಿರುವುದಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ನನಗೂ ಗೆಳೆಯರು ಹಾಗೇ ಹೇಳಿದ್ದರು. ಹಾಗೇ ಆಯಿತು ಕೂಡ. ಮೂರು ವಾರ ಉರಿ, ಆಮೇಲೆ ಚರ್ಮ ದಡ್ಡುಗಟ್ಟಿತು. ಆದರೆ ಈ ಮಾತು ಎಲ್ಲರ ಬೆರಳಿಗೂ ಅನ್ವಯಿಸುವುದಿಲ್ಲ ಎಂಬುದು, ಕಳೆದ ವರ್ಷ ಅವ್ವ ನನ್ನ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ ಮೇಲೆ ತಿಳಿಯಿತು.

ಅವ್ವ ನಿಪ್ಪಾಣಿಯಲ್ಲಿ ಮೂವತ್ತು ವರ್ಷ ಬೀಡಿ ಕಟ್ಟಿದವಳು. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ತಂಬಾಕು ಇಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಸುತ್ತಿ, ಬಾಯಿ ಮಡಚಿ, ದಾರ ಬಿಗಿಯುವುದು. ಲೆಕ್ಕವೆಲ್ಲ ಸಾವಿರದಲ್ಲಿ. ಇಷ್ಟು ವರ್ಷ ದುಡಿದರೆ ಬೆರಳು ಒರಟಾಗಬೇಕಲ್ಲ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಒಣ ಎಲೆ ದಿನವೂ ಉಜ್ಜಿ ಉಜ್ಜಿ ತುದಿಯ ಚರ್ಮ ಸವೆದು, ನುಣ್ಣಗೆ, ತೆಳ್ಳಗೆ ಹಾಳೆಯಂತಾಗುತ್ತದೆ. ಹೆಬ್ಬೆಟ್ಟಿನ ಗೆರೆಗಳು ಅಳಿದು, ಬೆರಳಚ್ಚಿನ ಯಂತ್ರ ಅವಳನ್ನು ಅವಳೆಂದು ಒಪ್ಪುವುದೇ ಇಲ್ಲ. ನನ್ನ ಪಿಎಚ್‌ಡಿ ವಿಷಯವೂ ನಿಪ್ಪಾಣಿಯ ಬೀಡಿ ಕಾರ್ಮಿಕ ಮಹಿಳೆಯರೇ. ಆದ್ದರಿಂದ ಇದು ನಮ್ಮ ಮನೆಯೊಂದರ ಕಥೆಯಲ್ಲ ಎಂಬುದೂ ಗೊತ್ತು.

ಅವ್ವನ ತವರು ರಾಯಬಾಗ ತಾಲೂಕಿನ ಒಂದು ಹಳ್ಳಿ. ಅವಳ ಅಪ್ಪ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರಂತೆ. ಹೆಣ್ಣುಮಕ್ಕಳು ಕೇಳಬಹುದಿತ್ತು, ದನಿಗೂಡಿಸಬಹುದಿತ್ತು, ತಂತಿ ಮುಟ್ಟುವಂತಿರಲಿಲ್ಲ. ಆದ್ದರಿಂದ ಐವತ್ತೆರಡನೆಯ ವಯಸ್ಸಿನಲ್ಲಿ "ನಂಗೂ ಇಷ್ಟ್ ಕಲಿಸಿಕೊಡು" ಎಂದಾಗ, ಮೊಬೈಲಿನ ತಂಬೂರಿ ಆ್ಯಪ್ ಹಚ್ಚಿಕೊಡುತ್ತೇನೆ ಎಂಬ ನನ್ನ ಸಲಹೆಯನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕೈಯಿಂದ ನುಡಿಸಬೇಕಿತ್ತು ಅವಳಿಗೆ.

ನನ್ನ ಗಿಟಾರಿನಲ್ಲಿದ್ದದ್ದು ಫಾಸ್ಫರ್ ಬ್ರಾಂಜ್ ಸುತ್ತಿದ 12-53ರ ಸೆಟ್. ಅಂದರೆ ಅತಿ ತೆಳು ತಂತಿ ಒಂದು ಇಂಚಿನ ಸಾವಿರದ 12 ಭಾಗ, ಅತಿ ದಪ್ಪದ್ದು 53 ಭಾಗ. ಅಂಗಡಿಯವರು ಇದನ್ನು 'ಲೈಟ್' ಎಂದೇ ಕರೆಯುತ್ತಾರೆ. ಆ ಲೈಟ್ ಸೆಟ್ಟಿನ ಆರೂ ತಂತಿ ಸೇರಿ ಗಿಟಾರಿನ ಕತ್ತನ್ನು ಎಳೆಯುವ ಬಲ ಸುಮಾರು 70 ಕಿಲೋ. ತೆಳು ತಂತಿಯೊಂದೇ ಹತ್ತೂವರೆ ಕಿಲೋದಷ್ಟು ಬಿಗಿದಿರುತ್ತದೆ. ಅವ್ವ ಎರಡು ನಿಮಿಷ ಒತ್ತಿದಳು. ಬೆರಳ ತುದಿಯಲ್ಲಿ ಕೆಂಪು ಗೆರೆ ಮೂಡಿತು. ಗಿಟಾರ್ ಕೆಳಗಿಟ್ಟು, "ಎಲಿ ನೆನಸದ ಸುತ್ತಿದ್ರ ಒಡದ ಹೋಗ್ತೈತಿ. ಈ ತಂತಿ ನೆನಸಾಕ ಬರ್ತೈತೇನು?" ಎಂದಳು.

ತಂತಿಯನ್ನು ನೆನೆಸುವುದೆಂದರೆ ಬಿಗಿ ಕಡಿಮೆ ಮಾಡುವುದು. ದಾರಿಗಳು ಮೂರೇ. ಮೆರ್ಸೆನ್ ಎಂಬ ಫ್ರೆಂಚ್ ಪಾದ್ರಿ 1636ರಲ್ಲೇ ಇದರ ಲೆಕ್ಕ ಬರೆದಿಟ್ಟಿದ್ದಾನೆ: ತಂತಿಯ ಸ್ವರ ಅದರ ಉದ್ದ, ತೂಕ ಮತ್ತು ಬಿಗಿತವನ್ನು ಅವಲಂಬಿಸಿದೆ. ಉದ್ದವೂ ಸ್ವರವೂ ಅಷ್ಟೇ ಇದ್ದು ತಂತಿ ತೆಳುವಾದರೆ ಕಡಿಮೆ ಬಿಗಿ ಸಾಕು. 12ರ ಬದಲು 10 ಹಾಕಿದರೆ ಬಿಗಿ ಸುಮಾರು ಮೂವತ್ತು ಪ್ರತಿಶತ ಇಳಿಯುತ್ತದೆ. ತಂತಿ ಬದಲಿಸದೆ ಸ್ವರವನ್ನೇ ಎರಡು ಫ್ರೆಟ್‌ನಷ್ಟು ಇಳಿಸಿದರೆ ಇಪ್ಪತ್ತು ಪ್ರತಿಶತ ಇಳಿಯುತ್ತದೆ. ಇಲ್ಲವೇ ಗಿಡ್ಡ ಕತ್ತಿನ ಗಿಟಾರ್ ತರಬೇಕು. ಇದರ ಜೊತೆಗೆ ತಂತಿ ಫ್ರೆಟ್‌ನಿಂದ ಎಷ್ಟು ಎತ್ತರದಲ್ಲಿದೆ ಎಂಬುದೂ ಮುಖ್ಯ. ಸ್ಯಾಡಲ್ ಅನ್ನು ಅರ್ಧ ಮಿಲಿಮೀಟರ್ ಉಜ್ಜಿದರೂ ಬೆರಳಿಗೆ ಗೊತ್ತಾಗುತ್ತದೆ.

ನೈಲಾನ್ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಆರು ನೈಲಾನ್ ತಂತಿಗಳ ಒಟ್ಟು ಎಳೆತ 40 ಕಿಲೋದ ಆಸುಪಾಸು, ನಿಜ. ಆದರೆ ಉಕ್ಕಿನ ತಂತಿಗೆಂದು ಮಾಡಿದ ಗಿಟಾರಿನಲ್ಲಿ ನೈಲಾನ್ ದನಿ ಸತ್ತಂತಿರುತ್ತದೆ. ಅದಕ್ಕೆಂದೇ ಮಾಡಿದ ಕ್ಲಾಸಿಕಲ್ ಗಿಟಾರಿನ ಕತ್ತು ಅಗಲ, ಅವ್ವನ ಕೈ ಸಣ್ಣದು. ಇನ್ನೊಂದು ಗಿಟಾರ್ ಕೊಳ್ಳುವ ದುಡ್ಡೂ ಇರಲಿಲ್ಲ. ಸಾವಿರ ಬೀಡಿಯ ಮಜೂರಿಯಲ್ಲಿ ಒಂದು ಒಳ್ಳೆಯ ಸೆಟ್ ತಂತಿಯೂ ಬರುವುದಿಲ್ಲ.

ತೆಳು ತಂತಿ ಕೊಳ್ಳುವುದರಲ್ಲಿ ಒಂದು ಅವಮಾನವಿದೆ ಎಂಬಂತೆ ಗಿಟಾರಿಗರು ಮಾತಾಡುತ್ತಾರೆ. ದಪ್ಪ ತಂತಿಯೇ ಗಂಡಸುತನ, ದಪ್ಪ ತಂತಿಯೇ ದನಿ. ಅಂಥವರಿಗೆ ನಾನು ಟೋನಿ ಅಯೋಮಿಯ ಹೆಸರು ಹೇಳುತ್ತೇನೆ. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಹದಿನೇಳರ ಹುಡುಗನಾಗಿದ್ದಾಗ ಯಂತ್ರಕ್ಕೆ ಸಿಕ್ಕು ಅವನ ಎರಡು ಬೆರಳ ತುದಿ ತುಂಡಾದವು. ಎಡಗೈಯವನಾದ್ದರಿಂದ ಅವು ತಂತಿ ಒತ್ತುವ ಕೈಯವು. ಪ್ಲಾಸ್ಟಿಕ್ ಕರಗಿಸಿ, ಚರ್ಮ ಅಂಟಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತೆಳು ತಂತಿ ಸಿಗದ ಕಾಲದಲ್ಲಿ ಬ್ಯಾಂಜೋ ತಂತಿ ಹಾಕಿದ. ಮುಂದೆ ಶ್ರುತಿಯನ್ನೂ ಇಳಿಸಿದ. ಬ್ಲ್ಯಾಕ್ ಸಬ್ಬತ್‌ನ ಆ ಭಾರದ ದನಿಯ ಹಿಂದೆ ಒಬ್ಬ ಕಾರ್ಮಿಕನ ಗಾಯಗೊಂಡ ಕೈಯಿದೆ.

ಅಥಣಿಯಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಹಗಲು ಕೊಲ್ಹಾಪುರಿ ಚಪ್ಪಲಿ ಹೊಲಿಯುತ್ತಾನೆ, ಗಣಪತಿ ಹಬ್ಬ ಮತ್ತು ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಾನೆ. ಅವನ ಬೆರಳು ಅವ್ವನ ಬೆರಳಿಗೆ ತದ್ವಿರುದ್ಧ. ದಬ್ಬಣ ಮತ್ತು ತೊಗಲ ಎಳೆ ಎಳೆದೆಳೆದು ಎಮ್ಮೆಯ ಚರ್ಮದಂತಾಗಿದೆ. ಆದರೂ ಅವನು ನುಣುಪು ತಂತಿಯನ್ನೇ ಹಾಕುತ್ತಾನೆ. ಬೇಸ್ ತಂತಿಯಲ್ಲಿ ಎರಡು ಬಗೆ: ದುಂಡು ಎಳೆ ಸುತ್ತಿದ ರೌಂಡ್‌ವೌಂಡ್, ಪಟ್ಟಿಯಂಥ ಎಳೆ ಸುತ್ತಿದ ಫ್ಲಾಟ್‌ವೌಂಡ್. ಮೊದಲನೆಯದು ಝಣಝಣ, ಆದರೆ ಅರದಂತೆ ಬೆರಳನ್ನೂ ಫ್ರೆಟ್ಟನ್ನೂ ತಿನ್ನುತ್ತದೆ. ಎರಡನೆಯದು ನುಣುಪು, ದನಿ ಗುಮ್ಮೆನ್ನುತ್ತದೆ. ಮೋಟೌನ್‌ನ ಜೇಮ್ಸ್ ಜೇಮರ್ಸನ್ ಫ್ಲಾಟ್‌ವೌಂಡ್ ತಂತಿಗಳನ್ನೇ ಬಳಸುತ್ತಿದ್ದ, ಹರಿಯುವ ತನಕ ಬದಲಿಸುತ್ತಿರಲಿಲ್ಲ ಎನ್ನುತ್ತಾರೆ. "ನಿನ್ನ ಕೈಗೇನು ನೋವಾಗಲ್ಲಲ್ಲ?" ಎಂದೆ. "ನೋವಿನ ಮಾತಲ್ಲ. ಹಗಲೆಲ್ಲ ಎಳದ ಕೈ, ರಾತ್ರಿಯಾದ್ರೂ ಜಾರಬೇಕು ಅಂತೈತಿ" ಎಂದ.

ಅವನ ಬೈಕಿನಲ್ಲೇ ಕಾಗವಾಡ ದಾಟಿ ಮಿರಜಿಗೆ ಹೋದೆವು. ನಮ್ಮ ಭಾಗದವರಿಗೆ ಮಿರಜ್ ಎಂದರೆ ಆಸ್ಪತ್ರೆ, ರೈಲು, ಮತ್ತು ತಂಬೂರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ವಾದ್ಯ ತಯಾರಿಕೆಗೆ ಇಳಿದದ್ದು ಅಲ್ಲಿ. 2024ರಲ್ಲಿ ಅಲ್ಲಿಯ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಬದುಕಿದ ಊರು ಅದು. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲೇ ದರ್ಗಾದಲ್ಲಿದೆ.

ವಾದ್ಯ ಮಾಡುವ ಹಿರಿಯರೊಬ್ಬರಿಗೆ ನಾನು ತಂತಿಯ ಗೇಜ್, ಕಂಪನಿ ಎಂದೆಲ್ಲ ಹೇಳತೊಡಗಿದೆ. ಅವರು ಕೈಯೆತ್ತಿ ನಿಲ್ಲಿಸಿ ಕೇಳಿದ್ದು ಎರಡೇ ಪ್ರಶ್ನೆ: ಹಾಡೋರು ಯಾರು? ಅವರ ಷಡ್ಜ ಎಲ್ಲಿ? ತಂಬೂರಿಯಲ್ಲಿ ಎಲ್ಲವೂ ಅಲ್ಲಿಂದಲೇ ಶುರು. ಗಂಡು ದನಿಗೆ ಉದ್ದ ವಾದ್ಯ, ದಪ್ಪ ತಂತಿ. ಹೆಣ್ಣು ದನಿಗೆ ಗಿಡ್ಡದು, ತೆಳುವಾದದ್ದು. ಜೋಡಿ ತಂತಿ ಉಕ್ಕು, ಖರಜದ್ದು ಹಿತ್ತಾಳೆ. ಆಮೇಲೆ ಜವಾರಿ: ಬ್ರಿಜ್ಜಿನ ಮೇಲೆ ತಂತಿಯಡಿ ಹತ್ತಿಯ ಎಳೆಯೊಂದನ್ನು ಕೂದಲೆಳೆಯಷ್ಟು ಸರಿಸಿದರೆ ಮಂಕು ದನಿ ಝೇಂಕರಿಸತೊಡಗುತ್ತದೆ. ಆ ಎಳೆಗೆ ಅವರು 'ಜೀವಾ' ಎನ್ನುತ್ತಾರೆ.

ಅವ್ವನ ಷಡ್ಜ ಹಾರ್ಮೋನಿಯಂನ ಬಿಳಿ ಐದು. ಅಂದರೆ ಗಿಟಾರಿನ ಜಿ. ನನ್ನ ಸಮಸ್ಯೆ ಅರ್ಧ ಅಲ್ಲೇ ಬಗೆಹರಿಯಿತು. ಆರನೆಯ, ಐದನೆಯ, ಒಂದನೆಯ ತಂತಿಗಳನ್ನು ಎರಡೆರಡು ಫ್ರೆಟ್ ಇಳಿಸಿದರೆ ಬಿಟ್ಟ ತಂತಿಗಳಲ್ಲೇ ಪ, ಸ, ಪ, ಸ, ಗ, ಪ ಕೂತುಬಿಡುತ್ತವೆ. ಯಾವ ತಂತಿಯನ್ನೂ ಏರಿಸಬೇಕಿಲ್ಲ. ಅದಕ್ಕೆ ರೇಷ್ಮೆ ಎಳೆ ಸೇರಿಸಿ ಸುತ್ತಿದ, 11ರಿಂದ ಶುರುವಾಗುವ ಮೃದುವಾದ ಸೆಟ್ ಹಾಕಿದೆ. ಮೊದಲ ತಂತಿಯ ಬಿಗಿ ಹತ್ತೂವರೆಯಿಂದ ಸುಮಾರು ಏಳು ಕಿಲೋಗೆ ಇಳಿಯಿತು. ದನಿಯ ಮೊನಚು ಹೋಯಿತು, ಜೋರು ಕಡಿಮೆಯಾಯಿತು. ನನಗೆ ಪ್ರಿಯವಾಗಿದ್ದ ಆ ಗಾಜಿನಂಥ ಮಿಂಚು ಈಗಿಲ್ಲ. ಆದರೆ ಅವ್ವ ಅದರ ಮೇಲೆ ಹಾಡಿದಾಗ ಅವಳ ದನಿಗೆ ಜಾಗ ಸಿಕ್ಕಿತು. ಮೊದಲಿನ ತಂತಿಗಳು ಅವಳ ಮೇಲೆ ಮಾತಾಡುತ್ತಿದ್ದವು.

ಈಗ ದಿನಕ್ಕೆ ಹದಿನೈದು ನಿಮಿಷ ನುಡಿಸುತ್ತಾಳೆ. ಹೆಚ್ಚಿನಂಶ ಬಿಟ್ಟ ತಂತಿ, ಮೊದಲ ತಂತಿಯಲ್ಲಿ ನಾಲ್ಕೈದು ಸ್ವರ. ಭೈರವಿಯ ಭಜನೆ ಬಂದರೆ ಎರಡನೆಯ ತಂತಿಯ ಶುದ್ಧ ಗಾಂಧಾರ ಹೊಂದುವುದಿಲ್ಲ, ಅದನ್ನು ದಾಟಿಹೋಗುತ್ತಾಳೆ. ಇದನ್ನು ನಾನು ಹೇಳಿಕೊಟ್ಟದ್ದಲ್ಲ.

ಈ ನಡುವೆ ನನ್ನ ಕ್ಷೇತ್ರಕಾರ್ಯದ ಪ್ರಶ್ನಾವಳಿಗೆ ಒಂದು ಪ್ರಶ್ನೆ ಸೇರಿಸಿದ್ದೇನೆ. ಕೂಲಿ, ಗಂಟೆ, ಕೆಮ್ಮು, ಬೆನ್ನುನೋವುಗಳ ನಂತರ: ಬೀಡಿ ಬಿಟ್ಟು ಈ ಕೈಯಿಂದ ಏನು ಮಾಡಬೇಕೆನಿಸುತ್ತದೆ? ಇದನ್ನು ಯಾವ ಕೋಷ್ಟಕದಲ್ಲಿ ಹಾಕುತ್ತೀರಿ ಎಂದು ಮಾರ್ಗದರ್ಶಕರು ಕೇಳಿದ್ದಾರೆ. ಉತ್ತರ ಹುಡುಕುತ್ತಿದ್ದೇನೆ. ಚಿಕ್ಕೋಡಿ ರಸ್ತೆಯ ಕಡೆಯ ಒಬ್ಬ ಅಜ್ಜಿ, ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುವಾಗ ಕೂದಲ ಸಿಕ್ಕು ಬೆರಳಿಗೆ ಗೊತ್ತಾಗಬೇಕು ಎಂದರು.

ಅವ್ವ ಮೊನ್ನೆ ಹೊಸದೊಂದು ಬೇಡಿಕೆ ಇಟ್ಟಿದ್ದಾಳೆ. ಮೂರನೆಯ ತಂತಿ ಇನ್ನೊಂದಿಷ್ಟು ದಪ್ಪ ಬೇಕಂತೆ, ಸಾ ಗಟ್ಟಿಯಾಗಿ ಕೇಳಬೇಕಂತೆ. ಕೈ ನೋಯುತ್ತದೆ ಎನ್ನುವಷ್ಟರಲ್ಲಿ ಅವಳೇ ಹೇಳಿದಳು: "ಅದನ್ನೇನ್ ನಾ ಒತ್ತೂದಿಲ್ಲಲ್ಲ." ಸರಿಯೇ. ಒತ್ತುವ ತಂತಿ ತೆಳುವಿದ್ದರಾಯಿತು, ಬರೀ ಮೀಟುವುದು ಎಷ್ಟು ದಪ್ಪವಿದ್ದರೇನು? ಬಿಡಿ ತಂತಿ ಸಿಗುತ್ತದೆ. ಮುಂದಿನ ವಾರ ಮಿರಜಿಗೆ ಹೋಗುವಾಗ ಅವಳನ್ನೇ ಕರೆದುಕೊಂಡು ಹೋಗುತ್ತೇನೆ.