ನಾಗಚಂದ್ರನ ರಾವಣ: ದಕ್ಕದ ಒಲವಿನ ದುರಂತ

ವಿಜಯಪುರ ನಗರಕ್ಕೆ ಹೊಂದಿಕೊಂಡಿರುವ ಭೂತನಾಳವು ಇಂದು ತನ್ನ ಕೆರೆಯಿಂದ ಪರಿಚಿತ. ಈ ಸೀಮೆಗೆ ಅದಕ್ಕಿಂತ ಹಳೆಯದಾದ ಒಂದು ಕಾವ್ಯದ ನೆನಪೂ ಉಂಟು. ಅಭಿನವ ಪಂಪನೆಂದು ಹೆಸರಾದ ನಾಗಚಂದ್ರನು ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಸಾಹಿತ್ಯ ಚರಿತ್ರಕಾರರು ಹೇಳುತ್ತಾರೆ. 1100ರ ಆಸುಪಾಸಿನಲ್ಲಿದ್ದ ಈ ಕವಿಯ 'ರಾಮಚಂದ್ರಚರಿತಪುರಾಣ'ವು 16 ಆಶ್ವಾಸಗಳ ಚಂಪೂಕಾವ್ಯ. ತನ್ನವಳಾಗಲಾರದವಳನ್ನು ಬಯಸಿದ ಮನಸ್ಸಿನ ಪಾಡನ್ನು ಇಷ್ಟು ಹತ್ತಿರದಿಂದ ಕಂಡ ಕೃತಿಗಳು ಕನ್ನಡದಲ್ಲಿ ವಿರಳ.

ವಿಮಲಸೂರಿಯ ಪ್ರಾಕೃತ 'ಪಉಮಚರಿಯ'ದ ಪರಂಪರೆಗೆ ಸೇರಿದ ಈ ಕಥೆಯಲ್ಲಿ ರಾವಣನು ರಾಕ್ಷಸನಲ್ಲ, ವಿದ್ಯಾಧರ. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ಹಿಡಿದವನು. ನಳಕೂಬರನ ಮಡದಿ ಉಪರಂಭೆ ಅವನಿಗೆ ಮನಸೋತಾಗ, ಅವಳಿಗೆ ಬುದ್ಧಿ ಹೇಳಿ ಗಂಡನಿಗೇ ಒಪ್ಪಿಸುತ್ತಾನೆ. ಸಲ್ಲದ ಒಲವೆಂದರೇನೆಂಬುದನ್ನು ಅವನು ಬಲ್ಲ. ಬಲ್ಲವನಾಗಿಯೇ ಸೀತೆಯ ವಿಷಯದಲ್ಲಿ ಸೋಲುತ್ತಾನೆ. ಪರರಿಗೆ ಹೇಳಿದ ವಿವೇಕವು ತನ್ನ ಸರದಿ ಬಂದಾಗ ನೆರವಿಗೆ ಬರುವುದಿಲ್ಲ.

ಹಾಗಿದ್ದರೂ ಅವನು ವ್ರತವನ್ನು ಮುರಿಯುವುದಿಲ್ಲ. ಸೀತೆಯನ್ನು ಮುಟ್ಟುವುದಿಲ್ಲ, ಆದರೆ ಬಿಡುವುದೂ ಇಲ್ಲ. ಅವನ ದುರಂತದ ಬೇರು ಇರುವುದು ಇಲ್ಲಿಯೇ. ಮುಟ್ಟದಿರುವುದೇ ಧರ್ಮವೆಂದು ಅವನು ತನ್ನನ್ನು ನಂಬಿಸಿಕೊಂಡಿರುವಾಗ, ಸೆರೆಯಲ್ಲಿರುವ ಸೀತೆಗೆ ಆ ವ್ರತದಿಂದ ಬಿಡುಗಡೆಯೇನೂ ದೊರೆಯುವುದಿಲ್ಲ.

ಕಡೆಗೆ ಬಹುರೂಪಿಣಿ ವಿದ್ಯೆಯನ್ನು ಸಾಧಿಸಿ, ಇನ್ನು ರಾಮನು ಉಳಿಯಲಾರನೆಂದು ಬೆದರಿಸಿದಾಗ ಸೀತೆ ಮೂರ್ಛೆ ಹೋಗುತ್ತಾಳೆ. ಆ ಗಳಿಗೆಯಲ್ಲಿ ರಾವಣನ ಕಣ್ಣು ತೆರೆಯುತ್ತದೆ. ಒಲಿದ ಇಬ್ಬರನ್ನು ಅಗಲಿಸಿದೆನಲ್ಲಾ ಎಂದು ಮರುಗುತ್ತಾನೆ. ತಮ್ಮ ವಿಭೀಷಣನ ಮಾತನ್ನು ಕಡೆಗಣಿಸಿದ್ದೂ ಅವನನ್ನು ಸುಡುತ್ತದೆ. ಅವಳ ಮೇಲಣ ಮೋಹ ಅಲ್ಲಿಗೆ ಕಳಚುತ್ತದೆ.

ಆದರೆ ಅಭಿಮಾನ ಕಳಚುವುದಿಲ್ಲ. ಈಗಲೇ ಒಪ್ಪಿಸಿದರೆ ಲೋಕವು ಅಂಜಿದನೆಂದೀತು. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು, ಬಳಿಕ ಸೀತೆಯನ್ನು ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಆ ಯುದ್ಧದಲ್ಲಿ ಲಕ್ಷ್ಮಣನ ಚಕ್ರಕ್ಕೆ ಬಲಿಯಾಗುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ದುರಂತನಾಯಕನನ್ನು ಗುರುತಿಸಿದ್ದು ಸಹಜವೇ ಆಗಿದೆ.

ದಕ್ಕದವರಲ್ಲಿ ಮನಸ್ಸು ನೆಡುವುದು ಯಾರ ಹತೋಟಿಯಲ್ಲೂ ಇಲ್ಲ. ನಾಗಚಂದ್ರನೂ ಅದಕ್ಕಾಗಿ ರಾವಣನನ್ನು ಹೀಗಳೆಯುವುದಿಲ್ಲ. ತಿಳಿವು ಬಂದ ದಿನವೇ ಬಿಟ್ಟುಕೊಡಬೇಕಿತ್ತು. ರಾವಣನು ಅದನ್ನು ಗೆಲುವಿನ ಮರುದಿನಕ್ಕೆ ಮುಂದೂಡಿದನು. ಆ ಮರುದಿನ ಅವನಿಗೆ ಬರಲಿಲ್ಲ.