ತಾಳೆ ಬೀಳದ ಲೆಕ್ಕಗಳು

ಇರುವುದು ಕಲಬುರಗಿಯ ರೋಜಾದಲ್ಲಿ, ಮಾಳಿಗೆ ಮೇಲಿನ ಬಾಡಿಗೆ ಕೋಣೆ. ಕಲಿಸುವುದು ಕಮಲಾಪುರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ, ಗಣಿತ. ಹುದ್ದೆ ಅತಿಥಿ ಶಿಕ್ಷಕಿ. ಹೋಗುತ್ತ ಬರುತ್ತ ಕಂಡ ಕೆಲವು ಲೆಕ್ಕಗಳನ್ನು ಪಾಠ ಟಿಪ್ಪಣಿಯ ವಹಿಯ ಕೊನೆಯ ಹಾಳೆಗಳಲ್ಲಿ ಬರೆದಿಟ್ಟಿದ್ದೇನೆ. ವಹಿ ತಪಾಸಣೆ ಮಾಡುವವರು ಯಾರೂ ಹಿಂದಿನಿಂದ ತೆರೆಯುವುದಿಲ್ಲ ಎಂಬ ಧೈರ್ಯ.

*

ರೋಜಾದಿಂದ ಹುಮನಾಬಾದ್ ಬೇಸ್‌ಗೆ ಷೇರ್ ಆಟೊ. ಡ್ರೈವರ್ ಕೂಗುವುದು ಯಾವಾಗಲೂ ಒಂದೇ: "ಒಂದ್ ಸೀಟ್, ಒಂದೇ ಸೀಟ್!" ಆಟೊ ಪೂರಾ ಖಾಲಿ ಇದ್ದಾಗಲೂ ಒಂದೇ ಸೀಟು. ಹಿಂದೆ ನಾಲ್ವರು ಕೂತು, ಮುಂದೆ ಅವನ ಎಡಕ್ಕೊಬ್ಬರು ಬಲಕ್ಕೊಬ್ಬರು ಅಂಟಿಕೊಂಡು, ಹ್ಯಾಂಡಲ್ ಯಾರ ಕೈಯಲ್ಲಿದೆ ಎಂದು ತಿಳಿಯದಂತಾದಾಗಲೂ ಒಂದೇ ಸೀಟು. ಸ್ಥಿರಾಂಕ ಅಂದರೇನು ಎಂದು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

*

ಹುಮನಾಬಾದ್ ಬೇಸ್. ಮೊದಲು ಬರುವುದು ಹೈದರಾಬಾದಿನ ಬಸ್ಸು. ಕಿಟಕಿ ಪಕ್ಕದ ಸೀಟುಗಳೂ ಖಾಲಿ. ರಸ್ತೆ ಬದಿ ನಿಂತ ನಾವಿಷ್ಟೂ ಹೆಂಗಸರು ಅದನ್ನು ಊರಿಗೆ ಬಂದ ಮಂತ್ರಿಯ ಕಾರಿನಂತೆ ನೋಡಿ ಕಳಿಸಿಕೊಡುತ್ತೇವೆ. ಹಿಂದೆಯೇ ಬಾಗಿಲಿಗೆ ಜನ ಜೋತುಬಿದ್ದ ಬೀದರ್ ಬಸ್ಸು. ಅದಕ್ಕೆ ನುಗ್ಗುತ್ತೇವೆ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. 2023ರ ಜೂನ್ 11ರಿಂದ ನಡೆದಿರುವ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ ಮಾತ್ರ, ಗಡಿ ದಾಟುವ ಬಸ್ಸಿಗಿಲ್ಲ. ನನಗೆ ಬಗೆಹರಿಯದ್ದು ಬೇರೆ. ಸೂಪರ್ ಮಾರ್ಕೆಟ್‌ನಲ್ಲಿ ಸೀರೆಗೆಂದು ಸಾವಿರಗಟ್ಟಲೆ ಸುರಿದು ಬಂದ ಅಕ್ಕನವರೂ ಆ ಖಾಲಿ ಸೀಟಿನ ಕಡೆ ಕಣ್ಣೆತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ಸಂಬಳದ ದಿನವೂ ಎತ್ತಿಲ್ಲ.

ಇದೇ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು ಎಂಬ ನಿಯಮವೂ ಇದೆ. ಯಾವ ಅರ್ಧ ಎಂಬುದು ಮೊದಲು ಹತ್ತಿದವರಿಗೆ ಬಿಟ್ಟ ವಿಚಾರ.

*

ಒಬ್ಬ ಆಯಿ ಪಕ್ಕದಲ್ಲಿ ಕೂತಿದ್ದರು. ಕಂಡಕ್ಟರ್ ಅವರ ಆಧಾರ್ ಕಾರ್ಡ್ ನೋಡಿದ, ಮುಖ ನೋಡಿದ, ಮತ್ತೆ ಕಾರ್ಡ್ ನೋಡಿದ.

"ಇದು ನೀವೇ ಏನ್ರೀ ಆಯಿ?"

"ನಾನೇ ಅಂತ ಸರ್ಕಾರ ಹೇಳ್ಯಾದ. ನಾ ಏನು ಇಲ್ಲ ಅನ್ಲೇನು?"

ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಆಯಿ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಸಂಚಿಯ ತೀರ ಒಳಗಿನ ಪದರಿಗೆ ಸೇರಿಸಿ ದಾರ ಬಿಗಿದರು. ಅದೇ ಸಂಚಿಯ ಹೊರಪದರಿನಿಂದ ನೂರರ ನೋಟೊಂದು ಅರ್ಧ ತಲೆ ಹೊರಗೆ ಹಾಕಿ ನೋಡುತ್ತಿತ್ತು. ಅದು ಬಿದ್ದೀತು ಅಂತ ಹೇಳಿದೆ. "ಬಿದ್ರ ಬೀಳ್ಲಿ, ಟಿಕೀಟ್ ಇಲ್ದಿದ್ರ ಕೆಳಗ ಇಳಸ್ತಾರ" ಅಂದರು.

*

ಶಾಲೆ. ಬಿಸಿಯೂಟದ ಹೊತ್ತು. ಮಕ್ಕಳಿಗೆ ತತ್ತಿ ಕೊಡುವುದು ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಕಡೆಯ ಜಿಲ್ಲೆಗಳಲ್ಲಿ, 2021ರ ಡಿಸೆಂಬರ್‌ನಲ್ಲಿ. ತತ್ತಿ ತಿನ್ನದವರಿಗೆ ಬಾಳೆಹಣ್ಣು. ವಹಿಯಲ್ಲಿ ಎರಡೇ ಕಲಂ. ಒಂದು ಮಗು ಒಂದು ಕಲಮಿನಲ್ಲಿ ಇರಬೇಕು ಎಂಬುದು ಲೆಕ್ಕ ಹಾಕಿದವರ ನಂಬಿಕೆ. ಆದರೆ ಸೋಮವಾರ ತತ್ತಿ ಬಿಡುವವರಿದ್ದಾರೆ. ಶ್ರಾವಣದಲ್ಲಿ ತಿಂಗಳು ಪೂರ್ತಿ ಬಾಳೆಹಣ್ಣಿಗೆ ದಾಟಿ, ಮುಗಿದ ಮರುದಿನ ವಾಪಸ್ ಬರುವವರಿದ್ದಾರೆ. ಗೆಳೆಯ ಏನು ತಿಂದನೋ ಅದನ್ನೇ ತಿನ್ನುವ ಜೋಡಿಯೊಂದಿದೆ. ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತ ಸಾಲನ್ನು ನಿಲ್ಲಿಸಿಬಿಡುತ್ತಾರೆ. ಐದನೆಯ ತರಗತಿಯ ಒಬ್ಬ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಟೀಚರ್, ಬರಿಯೂದು ಬಾಳಿಹಣ್ಣು ಬರೀರಿ, ಕೊಡೂದು ತತ್ತಿ ಕೊಡ್ರಿ. ನಮ್ಮ ಮುತ್ಯಾ ಶಾಲಿಗಿ ಬಂದ್ರ ವಹಿ ನೋಡ್ತಾನ."

ಇಷ್ಟಾಗಿ ಮಕ್ಕಳಿಗೆ ಸಿಗುವುದು ಹಳದಿ ಬಾಳೆಹಣ್ಣು. ಹೊರಗೆ ಕಮಲಾಪುರದ ಕೆಂಪು ಬಾಳೆ ಅಂದರೆ ಭೌಗೋಳಿಕ ಸೂಚಿಕೆಯ ಹಣ್ಣು, ಹೆಸರಿಗೆ ಊರನ್ನೇ ಅಂಟಿಸಿಕೊಂಡದ್ದು. ಬೇರೆ ಬಾಳೆ ವರ್ಷಕ್ಕೆ ಗೊನೆ ಕೊಟ್ಟರೆ ಇದು ಸುಮಾರು ಒಂದೂವರೆ ವರ್ಷ ಕಾಯಿಸುತ್ತದೆ, ಅದಕ್ಕೇ ಬೆಲೆ. ಊರಿನವರಿಗೆ ಅದು ಹೆದ್ದಾರಿಯಲ್ಲಿ ಕಾರು ನಿಲ್ಲಿಸುವವರ ಹಣ್ಣು. ತೋಟ ಇರುವ ಮನೆಯ ಹುಡುಗಿಯನ್ನು ಕೇಳಿದೆ, ನೀವು ಮನೆಯಲ್ಲಿ ಯಾವಾಗ ತಿಂತೀರಿ ಅಂತ. "ಕಾರಿನವರು ಒಲ್ಲೆ ಅಂದಿದ್ದು ತಿಂತೀವ್ರಿ."

*

ಅದೇ ಕೆಂಪು ಬಾಳೆ ಒಂದು ಡಜನ್ ಕೊಂಡು ಮರಳಿ ಬಸ್ಸು ಹತ್ತಿದೆ. ಹಣ್ಣಿಗೆ ಹತ್ತು ರೂಪಾಯಿಯಂತೆ ನೂರಾ ಇಪ್ಪತ್ತು. ಚೀಲದ ಬಾಯಿ ತೆರೆದಿತ್ತು, ಅದೇ ತೊಂದರೆಗೆ ಮೂಲ.

"ಎಷ್ಟಕ್ಕ ತೊಗೊಂಡಿ ತಂಗಿ?" ಮುಂದಿನ ಸೀಟಿನವರು. ಹೇಳಿದೆ. ಸುತ್ತ ನಾಲ್ಕು ಸೀಟಿನವರು ಒಟ್ಟಿಗೆ ನಾಲಿಗೆ ಕಚ್ಚಿಕೊಂಡರು. "ಭಾಳ ಆಯ್ತು. ಮಾರಿ ನೋಡಿ ಹಾಕ್ಯಾರ ನಿನಗ." ಮಹಾಗಾಂವ ಕ್ರಾಸಿನಲ್ಲಿ ಹೊಸ ಮಂದಿ ಹತ್ತಿದರು, ಹೊಸದಾಗಿ ಕೇಳಿದರು. ನೂರು ಅಂದೆ. ಅದೂ ಭಾಳ ಆಯಿತು. ಹಿಂದಿನಿಂದ ಒಬ್ಬರು ಎದ್ದು ಬಂದು ಹಣ್ಣು ಮುಟ್ಟಿ ನೋಡಿ ಕೇಳಿದಾಗ ಎಂಬತ್ತು ಅಂದೆ. "ಎಂಬತ್ತಕ್ಕ ಇದು ಸಣ್ಣದಾಯ್ತು" ಅಂದರು. ಕುರಿಕೋಟಾ ಸೇತುವೆ ಬರುವ ಹೊತ್ತಿಗೆ ಬೆಣ್ಣೆತೊರೆಯ ನೀರಿನ ಕಡೆ ಯಾರಿಗೂ ಲಕ್ಷ್ಯವಿಲ್ಲ, ನನ್ನ ಚೀಲವೇ ವಿಷಯ. ಇನ್ನೊಬ್ಬ ಅಕ್ಕ ಕೇಳಿದಾಗ ಕಣ್ಣು ಮುಚ್ಚಿ ಅರವತ್ತು ಅಂದುಬಿಟ್ಟೆ.

ಬಸ್ಸು ಒಂದು ಕ್ಷಣ ಸುಮ್ಮನಾಯಿತು. ಆ ಅಕ್ಕ ಸೆರಗಿನ ಗಂಟು ಬಿಚ್ಚಿ ನೂರಾ ಇಪ್ಪತ್ತು ರೂಪಾಯಿ ಎಣಿಸಿ ನನ್ನ ಕೈಗಿಟ್ಟರು. "ನಾಳಿ ನನಗ ಎರಡು ಡಜನ್ ತಂದುಬಿಡು ತಂಗಿ. ಇದೇ ಬಸ್ಸಿಗಿ ಇರ್ತೀನಿ."

ಮರುದಿನ ಇನ್ನೂರಾ ನಲವತ್ತು ಕೊಟ್ಟು ತಂದುಕೊಟ್ಟೆ. ಒಂದು ಸುಲಿದು ಅಲ್ಲೇ ತಿಂದು ನೋಡಿದರು. "ಐವತ್ತಕ್ಕ ಕೇಳ್ಬೇಕಿತ್ತು ನೀನು" ಅಂದರು.

*

ಏಪ್ರಿಲ್, ಮೇ. ಕಲಬುರಗಿಯಲ್ಲಿ 42, 43 ಡಿಗ್ರಿ. ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುವ ಕಾಲ. ಗೆಳತಿಯ ಸ್ಕೂಟಿ ಮೇಲೆ ಹೊರಟರೆ ಓಢಣಿಯಿಂದ ತಲೆ, ಹಣೆ, ಮೂಗು, ಬಾಯಿ ಎಲ್ಲ ಸುತ್ತಿ, ಮೇಲೊಂದು ಕಪ್ಪು ಕನ್ನಡಕ, ಮೊಣಕೈವರೆಗೆ ಕೈಗವಸು. ನನ್ನದೇ ಫೋನು ನನ್ನ ಮುಖ ಗುರುತಿಸದೆ ಬೀಗ ತೆರೆಯಲು ಒಲ್ಲೆ ಅನ್ನುತ್ತದೆ. ಅದೇ ಸಂಜೆ ಊರಿಂದ ಅವ್ವನ ಫೋನು: "ಜಗತ್ ಸರ್ಕಲ್‌ನ್ಯಾಗ ನಿಂತು ಪಾನಿಪುರಿ ತಿನ್ಲತ್ತಿದ್ಯಂತ?" ಹೇಳಿದ್ದು ನಮ್ಮೂರಿನ ಕಾಕು, ದವಾಖಾನೆಗೆ ಬಂದವರು, ಆಟೊದಲ್ಲಿ ದಾಟಿ ಹೋದವರು. ಹೇಗೆ ಗುರುತು ಹಿಡಿದರು? "ನಿಂತಿದ್ದ ಪರಿ ನಿಂದೇ ಇತ್ತಂತ."

ರೋಜಾದ ನನ್ನ ಗೆಳತಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಓಣಿಯ ತುದಿಯಲ್ಲಿ ಹತ್ತು ಬುರ್ಖಾ ಒಟ್ಟಿಗೆ ಬರುತ್ತಿದ್ದರೆ, ಎಡದಿಂದ ಮೂರನೆಯವಳು ತನ್ನ ಮೌಶಿಯ ಮಗಳು, ಹೊಸ ಚಪ್ಪಲಿ ಕಚ್ಚುತ್ತಿದೆ, ಅಂತ ಅಲ್ಲಿಂದಲೇ ಹೇಳುತ್ತಾಳೆ.

*

ಕೆಳಮನೆ ಖಾಲಾ ಅವರ ಸ್ಟೀಲ್ ಡಬ್ಬಿಯದು ಮುಗಿಯದ ಲೆಕ್ಕ. ರಂಜಾನ್ ತಿಂಗಳಲ್ಲಿ ಇಫ್ತಾರಿನ ಭಜಿ, ಖರ್ಜೂರ, ಹಣ್ಣು ತುಂಬಿ ಒಂದು ಡಬ್ಬಿ ಮೇಲೆ ಕಳಿಸಿದರು. ಖಾಲಿ ಡಬ್ಬಿ ತಿರುಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಊರಿಂದ ಬಂದ ಶೇಂಗಾ ಹೋಳಿಗೆ ಹಾಕಿ ಕೊಟ್ಟೆ. ಅವರಲ್ಲೂ ಆ ಪದ್ಧತಿ ಇಲ್ಲವೆಂದು ಆಮೇಲೆ ಗೊತ್ತಾಯಿತು. ತಹರಿ ಬಂತು. ಪುಂಡಿಪಲ್ಯ, ಖಡಕ್ ರೊಟ್ಟಿ ಹೋಯಿತು. ಶೀರ್ ಖುರ್ಮಾ ಬಂತು. ಎಳ್ಳಮಾಸಿಯ ಭಜ್ಜಿ ಹೋಯಿತು. ಡಬ್ಬಿ ಯಾರದು ಎಂಬುದರಲ್ಲಿ ಸಂಶಯವಿಲ್ಲ, ಮುಚ್ಚಳದ ಮೇಲೆ ಅವರ ಹೆಸರು ಕೆತ್ತಿದೆ. ಬಾಕಿ ಯಾರದು ಎಂಬುದೇ ಗೊತ್ತಾಗದು. ಕೋಣೆ ಬಿಡುವ ದಿನ ಏನು ಮಾಡಬೇಕು ಎಂದು ಕೇಳಿದೆ. "ಬಿಡೂದ್ಯಾಕ?" ಅಂದರು ಖಾಲಾ.

ಇನ್ನೊಂದು. ವರ್ಷವಿಡೀ ಈ ಓಣಿಯಲ್ಲಿ "ಐದೇ ಮಿನಿಟ್" ಅಂದರೆ ಮುಕ್ಕಾಲು ತಾಸು. ಪ್ಲಂಬರ್, ಟೇಲರ್, ಖಾಲಾ ಅವರ ಮಗ, ಯಾರೂ ಇದಕ್ಕೆ ಹೊರತಲ್ಲ. ರಂಜಾನ್ ಬಂದಾಗ ಮಾತ್ರ ಗೋಡೆಗೆ ವೇಳಾಪಟ್ಟಿ ಏರುತ್ತದೆ, ಆರೂ ಮೂವತ್ತೆರಡೋ ಮೂವತ್ತಮೂರೋ ಎಂಬುದಕ್ಕೆ ಅದೇ ಟೇಲರ್, ಅದೇ ಪ್ಲಂಬರ್ ಗಡಿಯಾರ ಹಿಡಿದು ಕೂರುತ್ತಾರೆ.

*

ಉರುಸು. ಇಲ್ಲಿಯ ದರ್ಗಾದ ಸೂಫಿ ಸಂತ ಖ್ವಾಜಾ ಬಂದಾ ನವಾಜ್ ತೀರಿಕೊಂಡದ್ದು 1422ರಲ್ಲಿ. 2024ರ ಮೇ ತಿಂಗಳಲ್ಲಿ ನಡೆದದ್ದು 620ನೇ ಉರುಸು. 2024ರಲ್ಲಿ 1422 ಕಳೆದರೆ 602. ಹದಿನೆಂಟು ವರ್ಷ ಎಲ್ಲಿಂದ ಬಂತು? ದರ್ಗಾದ ದಾರಿಯಲ್ಲಿ ದೀಪ ನೋಡುತ್ತ ನಡೆಯುವಾಗ ಇದೊಂದು ತಲೆಯಲ್ಲಿ ಕೊರೆಯುತ್ತಿತ್ತು. ಕೋಣೆಗೆ ಬಂದು ಹಾಳೆ ತೆಗೆದೆ. ಹಿಜ್ರಿ ವರ್ಷ ಚಂದ್ರನ ಲೆಕ್ಕ, ನಮ್ಮ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಗಿಡ್ಡ. 602ನ್ನು ಹನ್ನೊಂದರಿಂದ ಗುಣಿಸಿದರೆ 6622 ದಿನ. ಹದಿನೆಂಟು ವರ್ಷಕ್ಕೆ ಸರಿಹೋಯಿತು! ಈ ವಹಿಯಲ್ಲಿ ತಾಳೆ ಬಿದ್ದ ಲೆಕ್ಕ ಇದೊಂದೇ. ಖುಷಿಯಿಂದ ಕೆಳಗಿಳಿದು ಖಾಲಾ ಅವರಿಗೆ ತೋರಿಸಿದೆ. ಅವರು ಹಾಳೆ ನೋಡಲಿಲ್ಲ. "620 ಅಂತ ಬೋರ್ಡ್ ಮ್ಯಾಲ ಬರದಾರಲ್ಲ ಬೇಟಿ, ಮತ್ತ್ಯಾಕ ಎಣಸ್ದಿ?"

*

ಅದೇ ಉರುಸಿನ ಬಜಾರು. ಬಳೆ ಅಂಗಡಿಯವನು ನನ್ನ ಕೈಯನ್ನು ದೂರದಿಂದ ನೋಡಿ "ದೋ ಚಾರ್" ಅಂದ. ಎರಡು ನಾಲ್ಕು. ಅಳತೆ ತೆಗೆಯಲಿಲ್ಲ, ಮುಟ್ಟಲಿಲ್ಲ. ಹೆಬ್ಬೆರಳ ಬುಡವನ್ನು ಒತ್ತಿ, ಹಸಿರು ಗಾಜಿನ ಒಂದು ಡಜನ್ ಬಳೆಗಳನ್ನು ಏರಿಸಿಯೇ ಬಿಟ್ಟ. ಒಂದೂ ಒಡೆಯಲಿಲ್ಲ.

ಜೂನ್‌ನಲ್ಲಿ ಶಾಲೆ. ಆರನೆಯ ತರಗತಿಗೆ ದಶಮಾಂಶ. 2.8 ಮತ್ತು 2.10, ಇವುಗಳಲ್ಲಿ ಯಾವುದು ದೊಡ್ಡದು? ಇಡೀ ತರಗತಿ 2.8 ಅಂದಿತು, ಹೇಳಿಕೊಟ್ಟಂತೆ. ಒಬ್ಬಳು ಮಾತ್ರ 2.10 ಅಂದಳು. ಸೊನ್ನೆಯ ಕಥೆ ಮತ್ತೆ ಹೇಳಿದೆ. ಅವಳು ಕೇಳಿಸಿಕೊಂಡಳು, ಒಪ್ಪಲಿಲ್ಲ. "ಇಲ್ರೀ ಟೀಚರ್. ಎರಡು ಎಂಟು ನಮ್ಮ ಅಕ್ಕಂದು. ಎರಡು ಹತ್ತು ನಮ್ಮ ಆಯಿದು. ಆಯಿ ಕೈ ದಪ್ಪ ಅದ."

ಮನೆಗೆ ಬಂದು ಪಟ್ಟಿ ಹಿಡಿದು ಅಳೆದೆ. ಬಳೆಯವರ ಇಂಚು ಹತ್ತು ಭಾಗವಲ್ಲ, ಹದಿನಾರು ಭಾಗ. ಎರಡು ನಾಲ್ಕು ಅಂದರೆ ಎರಡು ಇಂಚು ಮೇಲೆ ಹದಿನಾರರಲ್ಲಿ ನಾಲ್ಕು, ಅಂದರೆ ಎರಡೂಕಾಲು. ಎರಡು ಎಂಟು ಎರಡೂವರೆ ಇಂಚು. ಎರಡು ಹತ್ತು ಅದಕ್ಕೂ ಮೇಲೆ. ಹುಡುಗಿ ಹೇಳಿದ್ದು ಖರೇ. ಊರಿನ ನಮ್ಮ ಆಯಿಗೆ ಫೋನಿನಲ್ಲಿ ಹೇಳಿದರೆ ಅವಳಿಗಿದು ಸುದ್ದಿಯೇ ಅಲ್ಲ. "ಹತ್ತಾಣೆ ಎಂಟಾಣೆಕಿಂತ ದೊಡ್ಡದು, ಅದರಾಗೇನದ?" ರೂಪಾಯಿಗೆ ಹದಿನಾರಾಣೆ ಹೋಗಿ ನೂರು ಪೈಸೆ ಬಂದದ್ದು 1957ರಲ್ಲಿ. ಆಯಿಗೂ ಬಳೆಗಾರರಿಗೂ ಆ ಆದೇಶ ತಲುಪಿದಂತಿಲ್ಲ. ಆಯಿಯ ಎರಡು ತೊಲೆ ಸರದ್ದೂ ಇದೇ ಕಥೆ. ಈಗಿನ ಅಂಗಡಿಯ ತೊಲೆ ಹತ್ತು ಗ್ರಾಂ, ಅವಳ ತೊಲೆ ಸುಮಾರು 11.66 ಗ್ರಾಂ. ನನ್ನ ಮದುವೆಗೆ ಎರಡು ತೊಲೆ ಹಾಕುತ್ತೇನೆ ಅನ್ನುವಾಗ ಯಾವ ತೊಲೆ ಎಂದು ಇನ್ನೂ ಕೇಳಿಲ್ಲ. ಕೇಳಿದರೆ ವರ ಯಾರು ಎಂಬ ಮಾತು ಬರುತ್ತದೆ.

ಹುಡುಗಿಯ ಉತ್ತರಕ್ಕೆ ಅರ್ಧ ಅಂಕ ಕೊಟ್ಟೆ. ಗಣಿತಕ್ಕೂ ಅನ್ಯಾಯವಾಗಬಾರದು, ಅವಳಿಗೂ ಆಗಬಾರದು. ಎರಡು ದಿನ ಬಿಟ್ಟು ಅವಳವ್ವ ಶಾಲೆಗೆ ಬಂದರು. ಜಾತ್ರೆ, ಉರುಸುಗಳಲ್ಲಿ ಬಳೆ ಇಡುವವರು. ಜಗಳಕ್ಕೆ ಬಂದಿರಲಿಲ್ಲ. "ಅರ್ಧ ಅಂದ್ರ ಎಂಟಾಣೆ ಆಯ್ತು, ನಡೀತದ ಬಿಡ್ರಿ" ಅಂದರು. ಆಮೇಲೆ ನನ್ನ ಕೈ ನೋಡಿದರು.

"ಟೀಚರ್, ನಿಮಗ ಎರಡು ನಾಲ್ಕು ಯಾರು ಹಾಕ್ಯಾರ? ನಿಮ್ಮದು ಎರಡು ಆರು. ತೆಗೀಲಿಕ್ಕ ಬರ್ತಾವೇನು ನೋಡ್ರಿ."

ನೋಡಿದೆ. ಬರಲಿಲ್ಲ. ಇಷ್ಟು ದಿನ ತೆಗೆಯುವ ಪ್ರಸಂಗವೇ ಬಂದಿರಲಿಲ್ಲ. ಬಿಸಿಯೂಟದ ಕೋಣೆಯಿಂದ ಸಾಬೂನು ತರಲು ಮಗಳು ಓಡಿದಳು. ಅವಳ ಹಿಂದೆ ಇಡೀ ಆರನೆಯ ತರಗತಿ ಓಡಿತು, 2.8 ಅಂದವರೂ ಸೇರಿ.